ಹಳೆಯ ಸಂಚಿಕೆಗಳ ರ್ಯಾಕಿನಲ್ಲಿ ಮೊಲ

ಹಡಪಸರದ ಬಾಡಿಗೆ ಮನೆಯಿಂದ ಅದೇ ನಗರದ ಇನ್ನೊಂದು ತುದಿಯ ವಾಕಡದ ಸ್ವಂತ ಫ್ಲ್ಯಾಟಿಗೆ ನಾವು ಬಂದು ವರ್ಷ ತುಂಬುವ ಮೊದಲೇ ಮನೆಗೆ ಮೊಲ ಬಂತು. ಎರಡು ಸಾವಿರದ ದಶಕ ಶುರುವಾಗಿ ಸ್ವಲ್ಪ ಕಾಲವಾಗಿತ್ತು. ಮಗಳು ಐದನೇ ತರಗತಿಯಲ್ಲಿದ್ದಳು. ಹಡಪಸರದ ಹಳೆಯ ನೆರೆಯವರ ಮನೆಯಲ್ಲಿ ಮೊಲ ಮರಿ ಹಾಕಿತ್ತು. ನೋಡಿ ಬರುತ್ತೇನೆಂದು ಹೋದವಳು ಬೂಟಿನ ಡಬ್ಬಿಯಲ್ಲಿ ಒಂದನ್ನು ಇಟ್ಟುಕೊಂಡೇ ಬಂದಳು. ಬಿಳಿ ಮೈ, ಬೂದು ಕಿವಿ.

ಮನೆಯಲ್ಲಿ ಆಗ ನಾಲ್ಕು ಜನ. ನಾನು ಒಂದು ಇಂಗ್ಲಿಷ್ ದಿನಪತ್ರಿಕೆಯ ಸುದ್ದಿಮೇಜಿನಲ್ಲಿ ಕೆಲಸ ಮಾಡುತ್ತಿದ್ದೆ. ಮಧ್ಯಾಹ್ನ ಹೋಗಿ ಪುಟಗಳು ಅಚ್ಚಿಗೆ ಹೋದ ಮೇಲೆ ಬರುವ ನೌಕರಿ, ಆದ್ದರಿಂದ ಬೆಳಗಿನ ಹೊತ್ತು ಮನೆಯಲ್ಲೇ ಇರುತ್ತಿದ್ದೆ. ಹೆಂಡತಿ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದಳು. ಬೆಳಗಾವಿ ಕಡೆಯ ಹಳ್ಳಿಯಿಂದ ಬಂದು ನಮ್ಮ ಜೊತೆಗಿದ್ದ ಅವ್ವ ಅಡುಗೆಮನೆಯನ್ನು ನೋಡಿಕೊಳ್ಳುತ್ತಿದ್ದಳು. ಮೊಣಕಾಲು ನೋವಿದ್ದರೂ ಒಲೆಯ ಮುಂದಿನ ಜಾಗವನ್ನು ಯಾರಿಗೂ ಬಿಟ್ಟುಕೊಟ್ಟವಳಲ್ಲ.

ಮೊದಲ ತಿಂಗಳಲ್ಲಿ ಮೊಲ ಟೆಲಿಫೋನ್ ವೈರನ್ನು ಕಡಿಯಿತು. ಆಮೇಲೆ ಮಿಕ್ಸರಿನ ವೈರು. ಅದನ್ನೆಲ್ಲ ಸಹಿಸಿಕೊಂಡೆವು. ಆದರೆ ಒಂದು ಮುಂಜಾನೆ ಅವ್ವ ಕುದಿಯುವ ಸಾರಿನ ಪಾತ್ರೆಯನ್ನು ಇಳಿಸಿಕೊಂಡು ತಿರುಗುವಾಗ ಮೊಲ ಅವಳ ಕಾಲಿನ ನಡುವೆ ಹಾಯಿತು. ಅವ್ವ ಕಟ್ಟೆ ಹಿಡಿದು ನಿಂತಳು, ಪಾತ್ರೆ ಬಿತ್ತು, ಸಾರು ಹಾಲ್‌ವರೆಗೆ ಹರಿಯಿತು. ಯಾರಿಗೂ ಸುಡಲಿಲ್ಲ. ಆದರೆ ಹೆಂಡತಿ ಅಂದೇ ಲೋಣಾವಳಾಕ್ಕೆ ಫೋನು ಮಾಡಿದಳು. ಅವಳ ಅಣ್ಣನಿಗೆ ಅಲ್ಲಿ ಹಿತ್ತಲಿರುವ ಮನೆ ಇತ್ತು; ಮೊಲವನ್ನು ಅಲ್ಲಿಗೆ ಕಳಿಸುವ ಮಾತಾಯಿತು.

ಮಗಳು ಆ ದಿನ ಊಟ ಮಾಡಲಿಲ್ಲ. "ಅಲ್ಲಿ ಮಳೀ ಭಾಳ ಇರ್ತದ, ಅದು ಸತ್ತ ಹೋಗ್ತದ" ಎಂದು ಗೋಡೆಗೆ ಮುಖ ಮಾಡಿ ಕೂತಳು.

"ಪಂಜರದಾಗ ಇಟ್ಟ್ರ?" ಎಂದು ನಾನು ಕೇಳಿದೆ.

"ಪೋಪಟ್ ಏನು ಅದು, ಗಿಣಿಗತೆ ಪಂಜರದಾಗ ಇಡ್ಲಿಕ್ಕೆ?" ಎಂದಳು ಮಗಳು. "ಅದಕ್ಕ ಮ್ಯಾಲ ಹತ್ತಲಿಕ್ಕೆ, ಕೆಳಗ ಇಳೀಲಿಕ್ಕೆ ಬೇಕು. ಖಿಡಕೀ ಹೊರಗ ನೋಡ್ಲಿಕ್ಕೆ ಬೇಕು."

ಹೆಂಡತಿ ಕರಾರು ಹೇಳಿದಳು. "ಆತು, ಹತ್ತಿ ಇಳಿಯೂ ಹಂಗ ಒಂದು ಮನೀನ ಕಟ್ರಿ ಅದಕ್ಕ. ದಸರಾ ಸೂಟಿ ತನಕಾ ನೋಡೂಣು. ಅದು ಅದರಾಗ ಹತ್ತಿ ಇಳದು ಖುಷೀಲೆ ಇದ್ರ ಇರ್ಲಿ. ಮೂಲ್ಯಾಗ ಮುದುಡಿ ಕೂತ್ರ ಲೋಣಾವಳಾ. ಆಮ್ಯಾಲ ಅಳೂದು ನಡಿಯೂದಿಲ್ಲ."

ಮಗಳು ಒಪ್ಪಿದಳು. ಅಲ್ಲಿಂದ ದಸರೆಯವರೆಗೆ ಆ ಮನೆಯಲ್ಲಿ ನಡೆದದ್ದೆಲ್ಲ ಈ ಕರಾರಿನ ನೆರಳಿನಲ್ಲೇ ನಡೆಯಿತು.

ಅದೇ ಹೊತ್ತಿಗೆ ನಮ್ಮ ಆಫೀಸಿನಲ್ಲಿ ಹಳೆಯ ಸಂಚಿಕೆಗಳ ಕೋಣೆಯನ್ನು ಖಾಲಿ ಮಾಡುತ್ತಿದ್ದರು. ಎಲ್ಲವೂ ಕಂಪ್ಯೂಟರಿಗೆ ಹೋಗುವುದಿತ್ತು. ಹೊಲಿದು ಕಟ್ಟಿಟ್ಟ ಸಂಪುಟಗಳನ್ನು ಹೊತ್ತಿದ್ದ ಕಬ್ಬಿಣದ ರ್ಯಾಕುಗಳು ಮೆಟ್ಟಿಲ ಕೆಳಗೆ ಬಿದ್ದಿದ್ದವು. ಉದ್ದಕ್ಕೂ ತೂತುಗಳಿರುವ ಕೋನಪಟ್ಟಿಗಳು, ತಗಡಿನ ಹಲಗೆಗಳು. ನಟ್ಟುಬೋಲ್ಟು ಸಡಿಲಿಸಿದರೆ ಹಲಗೆಯನ್ನು ಬೇಕಾದ ಎತ್ತರಕ್ಕೆ ಕೂಡಿಸಬಹುದು. ಕೇಳಿದೆ, ಒಂದನ್ನು ಕೊಟ್ಟರು. ಟೆಂಪೊದಲ್ಲಿ ಹಾಕಿಸಿಕೊಂಡು ಬಂದೆ. ಲಿಫ್ಟಿನಲ್ಲಿ ಹಿಡಿಸದೆ ಮೆಟ್ಟಿಲ ಮೇಲೆ ಹೊತ್ತೊಯ್ದೆವು.

ನಕ್ಷೆಯನ್ನು ನಾನು ಪುಟವಿನ್ಯಾಸಕ್ಕೆ ಬಳಸುವ ಕಾಲಮ್ಮುಗಳ ಹಾಳೆಯ ಮೇಲೆ ಬರೆದೆ. ಕೈಗೆ ರೂಢಿಯಾಗಿದ್ದ ಹಾಳೆ ಅದೊಂದೇ. ಹೆಂಡತಿ ನೋಡಿ, "ಇದು ಮೊಲದ ಮನೀನೋ, ಜಾಹೀರಾತಿನ ಪುಟಾನೋ?" ಎಂದಳು. ಪೆನ್ಸಿಲ್ ಕಸಿದುಕೊಂಡು ಇಳಿಜಾರು ಹಲಗೆಗಳ ಅಳತೆಯನ್ನು ತಾನೇ ಹಾಕಿದಳು. ಮೂರು ಅಂತಸ್ತು. ಕೆಳಗಿನದರಲ್ಲಿ ತಗಡಿನ ಟ್ರೇ, ಅದರಲ್ಲಿ ಹಳೆಯ ಪತ್ರಿಕೆ. ನಡುವಿನದರಲ್ಲಿ ಹುಲ್ಲು, ನೀರು. ಮೇಲಿನದು ಕಿಟಕಿಯ ಮಟ್ಟಕ್ಕೆ. ಒಂದರಿಂದ ಇನ್ನೊಂದಕ್ಕೆ ಹತ್ತಲು ಪ್ಲೈವುಡ್ಡಿನ ಇಳಿಜಾರು, ಕಾಲು ಜಾರದಂತೆ ಅಡ್ಡಡ್ಡ ಪಟ್ಟಿ. ಮಗಳ ಕೆಲಸ ಪಟ್ಟಿಗಳಿಗೆ ಮರಳುಕಾಗದ ತಿಕ್ಕುವುದು.

ಸುತ್ತಲೂ ಹಾಕಲು ತಂತಿಯ ಜಾಳಿಗೆಯನ್ನು ರವಿವಾರ ಪೇಠೆಯ ಅಂಗಡಿಯಿಂದ ತಂದೆವು. ಕತ್ತರಿಸಿದ ತಂತಿಯ ತುದಿ ಎಲ್ಲಿಯೂ ಚುಚ್ಚಬಾರದೆಂದು ಪ್ರತಿ ಅಂಚನ್ನೂ ಇಕ್ಕಳದಿಂದ ಮಡಚಬೇಕಾಯಿತು. ಹಾಗಿದ್ದೂ ನನ್ನ ಬೆರಳುಗಳಿಗೆ ಚುಚ್ಚಿ, ಆ ವಾರ ಕೀಬೋರ್ಡಿನ ಮೇಲೆ ಕೈ ಆಡಿಸುವುದು ಕಷ್ಟವಾಯಿತು. ರ್ಯಾಕಿನ ತಗಡಿನ ಮೇಲೆ ಮೊಲದ ಕಾಲು ಜಾರುತ್ತದೆಂದು, ಊರಿನಿಂದ ಜೋಳ ತುಂಬಿ ಬಂದಿದ್ದ ಗೋಣಿಚೀಲಗಳನ್ನು ಒಗೆದು, ಕತ್ತರಿಸಿ, ಹಾಸಿದೆವು. ಕೆಳಗಿನ ಟ್ರೇಗೆ ಪತ್ರಿಕೆ ಹಾಸುವಾಗ ಅವ್ವ ಬಾಗಿಲಲ್ಲಿ ನಿಂತು, "ಯಾವ ಪುಟಾ ಹಾಸ್ಲಿಕತ್ತೀಯೋ? ನೀ ತಿದ್ದಿದ್ದ ಪುಟಾ ಹಾಸು, ಎಲ್ಲೆ ತಪ್ಪು ಉಳದಾವು ಮೊಲರೆ ತೋರಸ್ತದ" ಎಂದಳು.

ಮೊಲವನ್ನು ಒಳಗೆ ಬಿಟ್ಟ ದಿನ ಅದು ಸ್ವಲ್ಪ ಹೊತ್ತು ಗೋಣಿಯನ್ನು ಮೂಸಿತು. ನಂತರ ಇಳಿಜಾರು ಹತ್ತಿ ನಡುವಿನ ಅಂತಸ್ತಿಗೆ ಹೋಯಿತು. ಸಂಜೆಯ ಹೊತ್ತಿಗೆ ಕಿಟಕಿಯ ಮಟ್ಟದಲ್ಲಿ ಕೂತಿತ್ತು. ಮಗಳು ಆಫೀಸಿಗೆ ಫೋನು ಮಾಡಿ ಸುದ್ದಿ ಕೊಟ್ಟಳು.

ಮಳೆಗಾಲ ಜೋರಾದಾಗ ತೊಂದರೆ ಶುರುವಾಯಿತು. ಮೊಲ ಮೊದಲು ಮೇಲಿನ ಅಂತಸ್ತಿಗೆ ಹೋಗುವುದನ್ನು ಬಿಟ್ಟಿತು, ಆಮೇಲೆ ನಡುವಿನದಕ್ಕೂ. ಕೆಳಗಿನ ಮೂಲೆಯಲ್ಲಿ ಬೆನ್ನು ಗೂನು ಮಾಡಿ ಕೂತಿರುತ್ತಿತ್ತು. ಹುಲ್ಲನ್ನು ಮೂಸಿ ಬಿಡುತ್ತಿತ್ತು, ಆದರೂ ಮೈ ತೆಳುವಾಗಿರಲಿಲ್ಲ. ಹಿಕ್ಕೆಗಳು ಸಣ್ಣವಾಗಿದ್ದವು.

ನಮಗೆ ಕಂಡ ಕಾರಣ ಇಳಿಜಾರು. ಕಟ್ಟಿದವರು ನಾವು, ತಪ್ಪು ಕಟ್ಟೋಣದಲ್ಲೇ ಇರಬೇಕು. ಒಂದು ಭಾನುವಾರ ನಡುವಿನ ಹಲಗೆಯನ್ನು ಕೆಳಗಿನ ತೂತಿಗೆ ಇಳಿಸಿದೆವು. ಇನ್ನೊಂದು ಭಾನುವಾರ ಅಡ್ಡಪಟ್ಟಿಗಳನ್ನು ಒತ್ತೊತ್ತಾಗಿ ಹೊಡೆದೆವು. ಆಮೇಲೆ ಇಳಿಜಾರಿಗೂ ಗೋಣಿ ಸುತ್ತಿದೆವು, ಅಂಚಿಗೆ ತಡೆ ಹಾಕಿದೆವು. ಹೆಂಡತಿ ಕೋನಮಾಪಕ ಹಿಡಿದು ಓರೆಯನ್ನು ಅಳೆದಳು. ಮೊಲ ಕೂತಲ್ಲೇ ಕೂತಿತ್ತು. ಮಗಳು ಶಾಲೆಯಿಂದ ಬಂದವಳು ಚೀಲ ಇಳಿಸದೆ ಜಾಳಿಗೆಯ ಮುಂದೆ ಕೂತು, "ಹತ್ತು, ಒಂದ ಸಲ ಹತ್ತು" ಎನ್ನುತ್ತಿದ್ದಳು. ತಾಯಿ ಬಂದರೆ ಸುಮ್ಮನಾಗುತ್ತಿದ್ದಳು.

ಔಂಧದಲ್ಲಿ ಸಾಕುಪ್ರಾಣಿಗಳನ್ನು ನೋಡುವ ಡಾಕ್ಟರರೊಬ್ಬರಿದ್ದರು, ಮರಾಠಿ ಮಾತಾಡುವ ಹೆಂಗಸು. ಬುಟ್ಟಿಯಲ್ಲಿ ಮೊಲವನ್ನಿಟ್ಟುಕೊಂಡು ನಾವು ಮೂವರು ಹೋದೆವು. ಹೊಟ್ಟೆ ಒತ್ತಿ ನೋಡಿ, ಏನೇನು ತಿನ್ನಿಸುತ್ತೀರಿ ಎಂದು ಕೇಳಿದರು. ಹೆಂಡತಿ ಹೇಳಿದಳು: ಹಸಿ ಹುಲ್ಲು, ಕೊತ್ತಂಬರಿ ದಂಟು, ಕೋಬಿಯ ಅಂದರೆ ಎಲೆಕೋಸಿನ ಎಲೆ, ಗಜ್ಜರಿ. ಗಜ್ಜರಿ, ಕೋಬಿ ಬಿಡಿ, ಬರೀ ಹುಲ್ಲು ಹಾಕಿ, ನೀವು ಹೇಳುವ ಇಳಿಜಾರಿನದು ಏನೂ ದೋಷವಿಲ್ಲ, ಕರುಳು ನಿಧಾನವಾಗಿದೆ ಎಂದರು. ಔಷಧ ಕೊಟ್ಟರು. ಹೇಳಿದಂತೆ ಮಾಡಿದೆವು. ಮೊಲ ಹುಲ್ಲನ್ನು ಮುಟ್ಟಲೇ ಇಲ್ಲ.

ಇಲ್ಲಿ ನಮ್ಮ ಮನೆಯ ಬೆಳಗಿನ ಒಂದು ಪದ್ಧತಿಯನ್ನು ಹೇಳಬೇಕು. ಅವ್ವ ದಿನಾ ಜೋಳದ ರೊಟ್ಟಿ ಬಡಿಯುತ್ತಿದ್ದಳು, ನಮ್ಮ ಮನೆಮಾತಿನಲ್ಲಿ ಭಕ್ಕರಿ. ಹೆಂಚಿನ ಮೇಲಿಂದ ಇಳಿದ ಮೊದಲ ಭಕ್ಕರಿ ಮನೆಯವರಿಗಲ್ಲ, ಆಕಳಿಗೆ. ಅದಕ್ಕೆ ತುಪ್ಪ ಸವರಿ, ಚೂರು ಬೆಲ್ಲ ಇಟ್ಟು, ಗೋಗ್ರಾಸವೆಂದು ತೆಗೆದಿಡುವುದು. ಹಡಪಸರದಲ್ಲಿ ಓಣಿಯ ತುದಿಗೇ ಆಕಳಿತ್ತು. ವಾಕಡದಲ್ಲಿ ನಮ್ಮ ಕಟ್ಟಡದ ಹಿಂದೆ ಇದ್ದದ್ದು ಎಮ್ಮೆಗಳ ಗೋಠಾ, ಅಂದರೆ ಕೊಟ್ಟಿಗೆ. ಎಮ್ಮೆಗೆ ಕೊಟ್ಟರೆ ಗೋಗ್ರಾಸವಾಗುವುದಿಲ್ಲ ಎಂಬ ವಿಷಯದಲ್ಲಿ ಅವ್ವನಿಗೆ ಅನುಮಾನವಿರಲಿಲ್ಲ. ಕೆಲವು ತಿಂಗಳು ಆ ಭಕ್ಕರಿ ಗತಿಯಿಲ್ಲದೆ ಇದ್ದು, ಕೊನೆಗೆ ಮೊಲಕ್ಕೆ ಸಂದಿತು. ಹುಲ್ಲು ತಿನ್ನುವ, ಯಾರಿಗೂ ಕೇಡು ಮಾಡದ, ಮನೆಯ ಒಳಗಿನ ಜೀವ. ಅಷ್ಟು ಸಾಕಾಗಿತ್ತು. ಸ್ನಾನ ಮಾಡಿದ ಅವ್ವ ಜಾಳಿಗೆಯ ಬಾಗಿಲು ತೆಗೆದು ಭಕ್ಕರಿಯನ್ನು ತುಂಡು ಮಾಡಿ ಇಟ್ಟು, ಕೈ ಮುಗಿದು ಹೋಗುತ್ತಿದ್ದಳು. ಬೆಳಗಿನ ಪತ್ರಿಕೆ ಹಿಡಿದು ನಾನು ಅಲ್ಲೇ ಎದುರಿಗೆ ಕೂತಿರುತ್ತಿದ್ದೆ. ಡಬ್ಬಿ ಕಟ್ಟುತ್ತ ಹೆಂಡತಿ ಅಡ್ಡಾಡುತ್ತಿದ್ದಳು.

ಎರಡನೇ ಸಲ ಡಾಕ್ಟರರ ಬಳಿಗೆ ಹೊರಟಾಗ ಅವ್ವನೂ ಸೀರೆ ಬದಲಿಸಿ ನಿಂತಳು. "ನೀವು ಡಾಕ್ಟರ ಮುಂದ ಬರೇ ಹ್ಞೂ ಹ್ಞೂ ಅಂತೀರಿ. ನಾ ಕೇಳ್ತೀನಿ, ಏನಾಗೇದ ಅಂತ. ಹುಡುಗಿ ಮಾರಿ ನೋಡ್ಲಿಕ್ಕೆ ಆಗವಲ್ದು." ಆಟೋದಲ್ಲಿ ಬುಟ್ಟಿಯನ್ನು ತನ್ನ ಮಡಿಲಲ್ಲೇ ಇಟ್ಟುಕೊಂಡಳು.

ಡಾಕ್ಟರು ಮತ್ತೆ ಅದೇ ಪ್ರಶ್ನೆ ಕೇಳಿದರು. ನೀವು ಹೇಳಿದಂತೆ ಬರೀ ಹುಲ್ಲು ಎಂದಳು ಹೆಂಡತಿ. ಡಾಕ್ಟರು ಮೊಲದ ಹೊಟ್ಟೆಯ ಮೇಲೆ ಕೈಯಿಟ್ಟು, ಹುಲ್ಲನ್ನೂ ತಿನ್ನುವುದಿಲ್ಲ ಅನ್ನುತ್ತೀರಿ, ಹಾಗಾದರೆ ಈ ಹೊಟ್ಟೆ ಏನು ಗಾಳಿ ತಿಂದು ಉಬ್ಬಿದೆಯೇ ಎಂದು ಮರಾಠಿಯಲ್ಲಿ ಕೇಳಿದರು.

ಅವ್ವ ಸಮಾಧಾನ ಹೇಳುವ ದನಿಯಲ್ಲಿ, ಉಪವಾಸವೇನೂ ಇಲ್ಲ, ಮುಂಜಾನೆಯ ಮೊದಲ ಭಾಕರಿ ಇದರದ್ದೇ ಎಂದು ಮರಾಠಿಯಲ್ಲೇ ಉತ್ತರಿಸಿದಳು.

"ಭಾಕರೀ?" ಎಂದರು ಡಾಕ್ಟರು. "ರೋಜ್?"

"ರೋಜ್. ತೂಪ, ಗುಳ ಲಾವೂನ."

ದಿನಾ, ತುಪ್ಪ, ಬೆಲ್ಲ ಹಚ್ಚಿ. ಡಾಕ್ಟರು ಹೆಂಡತಿಯ ಕಡೆ ನೋಡಿದರು. ಹೆಂಡತಿ ಅವ್ವನ ಕಡೆ ನೋಡಿದಳು.

"ಅತ್ತೀ, ಹೋದ ಸಲಾನ ಹೇಳಬಾರದಾಗಿತ್ತೇನ್ರಿ?"

"ಹೋದ ಸಲ ನನ್ನ ಎಲ್ಲೆ ಕರ್ಕೊಂಡ ಬಂದಿದ್ರಿ? ಮತ್ತ ನಿಮ್ಮ ಕಣ್ಣ ಮುಂದನ ಕೊಡ್ತೀನಲ್ಲ ದಿನಾ. ಇವರು ಏನ ತಿನ್ನಸ್ತೀರಿ ಅಂತ ಕೇಳ್ಯಾರ. ಅದು ತಿನ್ನಸೂದಲ್ಲ, ಗೋಗ್ರಾಸ."

ಅವಳು ಹೇಳಿದ್ದು ಸರಿಯಾಗಿತ್ತು. ನಮ್ಮ ಲೆಕ್ಕದಲ್ಲಿ ಕೂಡ ಅದು ಮೊಲದ ಆಹಾರದ ಸಾಲಿಗೆ ಸೇರಿರಲಿಲ್ಲ. ದೇವರಿಗೆ ಇಟ್ಟ ಸಕ್ಕರೆಯನ್ನು ಯಾರೂ ಮನೆಯ ಸಕ್ಕರೆ ಖರ್ಚು ಎಂದು ಹೇಳುವುದಿಲ್ಲ, ಹಾಗೆ. ಜೋಳದ ಹಿಟ್ಟು, ಬೆಲ್ಲ, ತುಪ್ಪ ಮೊಲದ ಕರುಳಿಗೆ ಆಗುವುದಿಲ್ಲ, ಹೀಗೇ ನಡೆದರೆ ಉಳಿಯುವುದಿಲ್ಲ ಎಂದು ಡಾಕ್ಟರು ಅವ್ವನಿಗೇ ನೇರವಾಗಿ ಹೇಳಿದರು. ಅವ್ವ ತಲೆ ಆಡಿಸಿದಳು. ವಾಪಸು ಬರುವಾಗ ಆಟೋದಲ್ಲಿ ಮಗಳು, "ಅಜ್ಜೀ, ನೀ ಬೇಕಂತ ಮಾಡಿಲ್ಲ" ಎಂದಳು. ಅವ್ವ ಬುಟ್ಟಿಯ ಮೇಲಿನ ಬಟ್ಟೆಯನ್ನು ಸರಿಮಾಡುತ್ತ ಕೂತಳು.

ಮರುದಿನವೂ ಮೊದಲ ಭಕ್ಕರಿ ಪಕ್ಕಕ್ಕೆ ಹೋಯಿತು. ಹಾಲಿನವನು ತನ್ನ ಊರಿನ ಮನೆಯಲ್ಲಿ ಆಕಳಿದೆ ಎಂದು ಹೇಳಿ ಅದನ್ನು ಒಯ್ಯಲು ಒಪ್ಪಿದ. ಆಕಳು ಇತ್ತೇ ಎಂಬುದನ್ನು ನಾವು ಪರಿಶೀಲಿಸಲಿಲ್ಲ.

ಮೊಲ ನಿಧಾನವಾಗಿ ಹುಲ್ಲಿಗೆ ಬಾಯಿ ಹಾಕಿತು. ಹಿಕ್ಕೆ ದೊಡ್ಡದಾಯಿತು. ದಿನಾ ಬೆಳಿಗ್ಗೆ ಟ್ರೇ ತೆಗೆದು ಆ ವರದಿ ಕೊಡುತ್ತಿದ್ದವಳು ಮಗಳು. ಆದರೆ ದಸರಾ ಸೂಟಿ ಬಂದಾಗಲೂ ಅದು ಹತ್ತುತ್ತಿದ್ದದ್ದು ನಡುವಿನ ಅಂತಸ್ತಿಗೆ ಮಾತ್ರ, ಅದೂ ಎಲ್ಲ ದಿನ ಅಲ್ಲ. ಆ ಹಲಗೆಯನ್ನು ನಾವು ತೀರ ಕೆಳಕ್ಕೆ ಇಳಿಸಿದ್ದೆವು ಎಂಬುದೂ ಹೆಂಡತಿಗೆ ಗೊತ್ತಿತ್ತು.

ಸೂಟಿಯ ಮೊದಲ ಭಾನುವಾರ ಲೋಣಾವಳಾದ ಅಣ್ಣ ಬಂದರು. ಒಂದು ಕೈಯಲ್ಲಿ ಚಿಕ್ಕಿಯ ಡಬ್ಬಿ, ಇನ್ನೊಂದರಲ್ಲಿ ಗಾಳಿಯಾಡಲು ಸುತ್ತಲೂ ತೂತು ಹಾಕಿದ್ದ ದೊಡ್ಡ ರಟ್ಟಿನ ಪೆಟ್ಟಿಗೆ. ಹಿತ್ತಲಲ್ಲಿ ಇಟ್ಟಿಗೆಯ ಗೂಡನ್ನೂ ಕಟ್ಟಿಸಿದ್ದೇನೆ ಎಂದರು. ಮೊಲ ಆ ಹೊತ್ತಿಗೆ ಕೆಳಗಿನ ಮೂಲೆಯಲ್ಲಿ ಮಲಗಿತ್ತು. ಮಗಳು ರ್ಯಾಕಿಗೆ ಬೆನ್ನು ಕೊಟ್ಟು ನಿಂತಳು.

"ಏನವಾ, ಕರಾರು ಏನಾತು?" ಎಂದು ಅಣ್ಣ ನಗುತ್ತ ತಂಗಿಯನ್ನು ಕೇಳಿದರು.

ಹೆಂಡತಿ ಉತ್ತರ ಕೊಡುವ ಮೊದಲೇ ಅಡುಗೆಮನೆಯಿಂದ ಅವ್ವ ಬಂದಳು, ಕೈಯಲ್ಲಿ ಹಿಟ್ಟು ಹತ್ತಿತ್ತು. "ಕರಾರು ಮೊಲ ಮುರದಿಲ್ಲ, ನಾ ಮುರದೀನಿ" ಎಂದಳು. "ಅದು ಛೊಲೋ ಹತ್ತಿ ಇಳೀತಿತ್ತು. ನನ್ನ ಕೈಲೆ ಬ್ಯಾನಿ ಬಿತ್ತು. ಬ್ಯಾನಿ ಬಿದ್ದು ಎದ್ದವರನ್ನ ಹಾಸಗಿ ಮ್ಯಾಲಿಂದ ಎತ್ತಿ ಊರಿಗೆ ಕಳಸ್ತಾರೇನ್ರಿ? ಕಳಸೂದಿದ್ರ ನನ್ನ ಕರ್ಕೊಂಡ ಹೋಗ್ರಿ ಲೋಣಾವಳಾಕ್ಕ."

"ನಿಮ್ಮನ್ನ ಈ ಡಬ್ಬ್ಯಾಗ ಹ್ಯಾಂಗ ಒಯ್ಯಲ್ರಿ ಅತ್ತೀ?" ಎಂದರು ಅಣ್ಣ.

ಅವ್ವ ನಗಲಿಲ್ಲ. ಸೊಸೆಯ ಮುಖವನ್ನೇ ನೋಡುತ್ತ ನಿಂತಳು. ಹೆಂಡತಿ ಮೊಲವನ್ನು ನೋಡಿದಳು, ಮಗಳನ್ನು ನೋಡಿದಳು. ಶಾಲೆಯಲ್ಲಿ ಮಕ್ಕಳ ಉತ್ತರಪತ್ರಿಕೆಯಲ್ಲಿ ಹೆಜ್ಜೆ ಸರಿ ಇದ್ದು ಉತ್ತರ ತಪ್ಪಿದ್ದರೆ ಅವಳು ಹೀಗೆಯೇ ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂರುತ್ತಿದ್ದಳು.

"ಇರ್ಲಿ ಬಿಡ್ರಿ" ಎಂದಳು ಕೊನೆಗೆ. "ಅಣ್ಣಾ, ಕೈ ತೊಳಕೋ, ಊಟಕ್ಕ ಏಳು." ಮಗಳು ಓಡಿ ಹೋಗಿ ಅಜ್ಜಿಯ ಹಿಟ್ಟಿನ ಕೈಯನ್ನೇ ಹಿಡಿದುಕೊಂಡಳು.

ಅಣ್ಣ ಮಧ್ಯಾಹ್ನದ ಲೋಕಲ್ ರೈಲಿಗೆ ಹೊರಡುವಾಗ ಹೆಂಡತಿ ರಟ್ಟಿನ ಪೆಟ್ಟಿಗೆಯನ್ನು ತಿರುಗಿಸಿ ನೋಡಿದಳು. "ಇಷ್ಟ ಗಟ್ಟಿ ಪೆಟ್ಟಿಗಿ, ಇದಕ್ಯಾಕ ತೂತು ಹಾಕ್ಕೊಂಡ ಬಂದಿ?" ಎಂದಳು. "ತೂತು ಇರದಿದ್ರ ಜ್ವಾಳದ ಹಿಟ್ಟರೆ ತುಂಬಿ ಕಳಸ್ತಿದ್ದೆ."