ಭಾವ ಕರೆದೊಯ್ದ ದ್ವೀಪ

ಮೊನ್ನೆ ಪುತ್ತೂರು ಪೇಟೆಯಲ್ಲಿ ಯಾರೋ ಲಾರಿಯ ಹಳೆಯ ಟರ್ಪಾಲನ್ನು ಬಿಸಿಲಿಗೆ ಹರಡಿದ್ದರು. ಕಾದ ಮೇಣ, ಧೂಳು, ಮಡಿಕೆಯೊಳಗೆ ಉಳಿದ ತೇವ… ಆ ವಾಸನೆಗೆ ಔಷಧದ ಅಂಗಡಿಗೆ ಹೊರಟವಳು ನಿಂತುಬಿಟ್ಟೆ. ಐವತ್ತರ ದಶಕ ಮುಗಿಯುವ ಹೊತ್ತಿಗೆ ಅಂಥದೇ ಒಂದು ಟರ್ಪಾಲಿನ ಅಡಿಯಲ್ಲಿ ನಮ್ಮ ಮನೆಯವರೆಲ್ಲ ಮೂರು ರಾತ್ರಿ ಮಲಗಿದ್ದೆವು. ಅದನ್ನು ಕಟ್ಟಿದವರು ನನ್ನ ಭಾವ, ಗಂಡನ ಅಣ್ಣ.

ಭಾವ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದರು. ತಮ್ಮನ ಹೆಂಡತಿಯೊಡನೆ ನೇರವಾಗಿ ಮಾತಾಡುವ ರೂಢಿ ಆ ಮನೆಯಲ್ಲಿರಲಿಲ್ಲ; ನನಗೇನಾದರೂ ಹೇಳುವುದಿದ್ದರೆ ಅತ್ತೆಯ ಮೂಲಕ ಹೇಳಿಸುತ್ತಿದ್ದರು. ನಾನು ಸೊಸೆಯಾಗಿ ಬಂದ ವರ್ಷವೇ ಅವರ ಹೆಂಡತಿ ಜ್ವರದಲ್ಲಿ ತೀರಿಕೊಂಡರು. ಒಂಬತ್ತರ ಮಗಳು, ಆರರ ಮಗ. ಆಮೇಲೆ ಆ ಮಕ್ಕಳು ಹಠ ಮಾಡುವುದನ್ನೂ ಬಿಟ್ಟರು. ಕೂತಲ್ಲೇ ಕೂತಿರುತ್ತಿದ್ದರು.

ವರ್ಷಾಂತಿಕದ ಶ್ರಾದ್ಧ ಕಳೆದ ಮೇಲೆ ಒಂದು ದಿನ ಊಟದ ಹೊತ್ತಿಗೆ ಭಾವ, ಮಲ್ಪೆಯಾಚೆ ಕಡಲಲ್ಲಿ ಜನವಿಲ್ಲದ ದ್ವೀಪವೊಂದಿದೆ, ಎಲ್ಲರೂ ಹೋಗಿ ಎರಡು ರಾತ್ರಿ ಇದ್ದು ಬರೋಣ ಎಂದರು. ಬಂಡೆಯ ಮೇಲೆ ಮಲಗಲು ನಮಗೇನು ಮನೆಯಿಲ್ಲವೇ ಎಂದು ಮಾವ ಕೇಳಿದರು. ಈಶ್ವರಮಂಗಲದ ತವರು ಬಿಟ್ಟು ಬೇರೆಲ್ಲಿಗೂ ಹೋಗಿರದ ಅತ್ತೆಗೆ ನೀರೆಂದರೆ ಹೆದರಿಕೆ. ಭಾವ ಅವರಿಗೆ ಹೇಳಿದ್ದು ಇಷ್ಟೇ:

"ಮಕ್ಕಳು ನಗುದು ನೋಡದೆ ವರ್ಷ ಆಯ್ತಮ್ಮ."

ಅತ್ತೆ ಒಪ್ಪಿದರು. ಅತ್ತೆ ಒಪ್ಪಿದ ಮೇಲೆ ಮಾವನೂ ಗೊಣಗುತ್ತಲೇ ಒಪ್ಪಿದರು.

ತಯಾರಿ ಮೂರು ತಿಂಗಳು ನಡೆಯಿತು. ಭಾವ ಒಬ್ಬರೇ ಮಲ್ಪೆಗೆ ಹೋಗಿ ದೋಣಿಯವರನ್ನು ಕಂಡು ಬಂದರು. ನೆಲ್ಯಾಡಿಯ ಪರಿಚಯದವರಿಂದ ಟರ್ಪಾಲು ತಂದರು. ನಾವು ಹೆಂಗಸರು ಅವಲಕ್ಕಿ, ಹಪ್ಪಳ, ಉಪ್ಪಿನಕಾಯಿ ಕಟ್ಟಿದೆವು. ದ್ವೀಪದಲ್ಲಿ ಕುಡಿಯುವ ನೀರಿಲ್ಲ. ತೆಂಗಿನೆಣ್ಣೆಯ ನಾಲ್ಕು ದೊಡ್ಡ ಡಬ್ಬಿಗಳನ್ನು ಭಾವ ತಾವೇ ಬೂದಿ ಹಾಕಿ ತಿಕ್ಕಿದರು. ತಲೆಗೆ ಇಷ್ಟು ಲೋಟ ಎಂದು ಲೆಕ್ಕ ಹಾಕಿ, ಒಂದು ದಿನದ ನೀರನ್ನು ಹೆಚ್ಚಿಗೆ ಸೇರಿಸಿದರು.

ದ್ವೀಪದಲ್ಲಿ ಇಳಿಯುವಾಗ ಅಲೆ ಬಡಿದು ದೋಣಿ ವಾಲಿತು. ಒಂದು ಡಬ್ಬಿ ಮಗುಚಿ ನೀರೆಲ್ಲ ಚೆಲ್ಲಿತು. ಎರಡೇ ರಾತ್ರಿಯಲ್ಲವೇ, ಸಾಕು ಎಂದುಕೊಂಡೆವು. ಆ ಸಂಜೆ ಏಡಿಯೊಂದು ಮಾವನ ಚಪ್ಪಲಿಯೊಳಗೆ ಸೇರಿಕೊಂಡು, ಅವರು ಒಂಟಿಕಾಲಲ್ಲಿ ಕುಣಿದಾಗ ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ತಮ್ಮನೂ ನಕ್ಕ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಭಾವ ಕಡಲಿನ ಕಡೆ ಮುಖ ಮಾಡಿ ನಿಂತಿದ್ದರು…

ಮೂರನೆಯ ದಿನ ಬರಬೇಕಾದ ದೋಣಿ ಬರಲಿಲ್ಲ. ಗಾಳಿ ತಿರುಗಿತ್ತು. ಬಂಡೆಗೆ ಅಪ್ಪಳಿಸುವ ಅಲೆಗಳನ್ನು ನೋಡಿದರೆ ಯಾರೂ ದೋಣಿ ಇಳಿಸಲಾರರು ಎಂದು ನಮಗೂ ತಿಳಿಯುತ್ತಿತ್ತು. ಉಳಿದ ನೀರನ್ನು ಭಾವ ಲೋಟದಲ್ಲಿ ಅಳೆದು ಹಂಚತೊಡಗಿದರು. ತಮ್ಮ ಪಾಲನ್ನು ಹಿಡಿದುಕೊಂಡು ಬಂಡೆಯ ಮರೆಗೆ ಹೋಗುತ್ತಿದ್ದರು.

ನನ್ನ ಮಗನಿಗೆ ಆಗ ಐದು ತಿಂಗಳು. ನಾಲ್ಕನೆಯ ದಿನ ಮಧ್ಯಾಹ್ನದ ಹೊತ್ತಿಗೆ ನನ್ನ ಎದೆಹಾಲು ಬತ್ತಿತ್ತು. ಮಗು ಅತ್ತು ಅತ್ತು ದನಿ ಹೋಗಿ, ಬರಿಯ ಬಾಯಿ ತೆರೆಯುತ್ತಿತ್ತು. ನನ್ನ ಗಂಡ ದೋಣಿ ಕಾಣುವುದೇ ಎಂದು ಅತ್ತ ಬಂಡೆಯ ತುದಿಯಲ್ಲಿ ನಿಂತಿದ್ದರು. ಭಾವ ಬಂದು ತುಂಬಿದ ಲೋಟವನ್ನು ನನ್ನಿಂದ ಮಾರು ದೂರದಲ್ಲಿ ಇಟ್ಟರು.

"ನೀನು ಕುಡಿ. ಮಗುವಿಗೂ ಅದೇ ನೀರು."

ಅವರು ನನ್ನೊಡನೆ ನೇರವಾಗಿ ಆಡಿದ ಮೊದಲ ಮಾತು ಅದು.

"ನಿಮಗೆ?" ಎಂದೆ.

"ನನ್ನದು ಆಯ್ತು."

ಅವರ ತುಟಿ ಒಡೆದು ಬಿಳಿಚಿತ್ತು. ನಾಲಗೆ ತಡವರಿಸುತ್ತಿತ್ತು. ಹಿಂದಿನ ದಿನದಿಂದಲೂ ಅವರು ಬಂಡೆಯ ಹಿಂದೆ ಕುಡಿಯುತ್ತಿರಲಿಲ್ಲ, ಕೂಡಿಡುತ್ತಿದ್ದರು ಎಂದು ಆ ಕ್ಷಣ ನನಗೆ ಗೊತ್ತಾಯಿತು. ನನಗೆ ಗೊತ್ತಾದದ್ದು ಅವರಿಗೂ ಗೊತ್ತಾಯಿತು. ನಾನು ಕುಡಿದೆ.

ಸಂಜೆ ಗಾಳಿ ತಗ್ಗಿ ದೋಣಿ ಬಂತು. ಮಲ್ಪೆಯ ಮರಳಿನ ಮೇಲೆ ಕಾಲಿಟ್ಟೊಡನೆ ಮಾವ, ಎಲ್ಲರ ಎದುರಿಗೆ, ಮೆಲ್ಲಗೆ ಹೇಳಿದರು.

"ಹೆಂಡತಿಯನ್ನು ಉಳಿಸಿಕೊಳ್ಳಲಿಕ್ಕೆ ಆಗಲಿಲ್ಲ ನಿನಗೆ. ಈಗ ಮಕ್ಕಳನ್ನೂ ಕಳಕೊಳ್ಳಲಿಕ್ಕೆ ಹೊರಟದ್ದಾ?"

ಭಾವ ಒಮ್ಮೆ ನನ್ನ ಕಡೆ ನೋಡಿ, ಕೂಡಲೇ ನೋಟ ತೆಗೆದು, ಖಾಲಿ ಡಬ್ಬಿಗಳನ್ನು ಎತ್ತಿಕೊಂಡರು. ಮಾವನ ಎದುರು ಸೊಸೆ ಬಾಯಿ ತೆರೆಯುವ ಮನೆ ನಮ್ಮದಲ್ಲ. ನಾನು ಮಗುವನ್ನು ಎದೆಗವಚಿಕೊಂಡು ನಿಂತೇ ಇದ್ದೆ.

ಮುಂದಿನ ಜೂನಿಗೆ ಭಾವ ಸುಳ್ಯದ ಕಡೆಯ ಶಾಲೆಗೆ ವರ್ಗ ಮಾಡಿಸಿಕೊಂಡು ಮಕ್ಕಳೊಡನೆ ಹೊರಟುಹೋದರು. ಹಬ್ಬಕ್ಕೆ ಬರುತ್ತಿದ್ದರು, ಉಂಡು ಹೋಗುತ್ತಿದ್ದರು. ಅಪ್ಪ ಮಗ ಎದುರುಬದುರು ಕೂತು ಉಣ್ಣುವಾಗಲೆಲ್ಲ, ಇವತ್ತು ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ… ಬಡಿಸಿ ಒಳಗೆ ಹೋಗುತ್ತಿದ್ದೆ. ಮಾವ ತೀರಿಕೊಂಡರು. ಎಷ್ಟೋ ವರ್ಷದ ಮೇಲೆ ಭಾವನೂ.

ನನ್ನ ಆ ಮಗನಿಗೆ ಈಗ ಅರವತ್ತು ದಾಟಿದೆ. ಮೊನ್ನೆ ಸಂಜೆ ಅವನನ್ನು ಹತ್ತಿರ ಕೂರಿಸಿಕೊಂಡು ಎಲ್ಲ ಹೇಳಿದೆ. ಅವನು, "ನೀನು ಒಂದು ದಿನ ಅಜ್ಜನಿಗೆ ಹೇಳ್ತಿ ಅಂತ ದೊಡ್ಡಪ್ಪ ಕಾದಿರಬಹುದಾ ಅಮ್ಮ?" ಎಂದು ಕೇಳಿದ.

ಕಾದಿರಲಿಕ್ಕಿಲ್ಲ ಎಂದೆ. ಅವನ ಮುಖ ನೋಡಿ ಹೇಳಲಾಗಲಿಲ್ಲ.