ಚೀಟಿ ಬಾರದವರ ಮನೆ

ನಾನಿದ್ದ ಪತ್ರಿಕೆ ದಾವಣಗೆರೆ ಆವೃತ್ತಿಯನ್ನು ನಿಲ್ಲಿಸಿದ ಮೇಲೆ ಕೆಲಕಾಲ ಸಮೀಕ್ಷೆಯ ಕೆಲಸ ಮಾಡಿದೆ. ಕೆಲಸ ಕಳೆದುಕೊಂಡವರಿಗೆ ಹೊಲಿಗೆ, ವೈರಿಂಗ್ ಮುಂತಾದವನ್ನು ಕಲಿಸಿ ಮತ್ತೆ ದುಡಿಮೆಗೆ ಹಚ್ಚುವ ಸರ್ಕಾರಿ ಯೋಜನೆಯೊಂದಿತ್ತು. ಅದರಿಂದ ನಿಜಕ್ಕೂ ಪ್ರಯೋಜನವಾಯಿತೇ ಎಂದು ಮನೆಮನೆಗೆ ಹೋಗಿ ಕೇಳಿ ಬರುವುದು ನಮ್ಮ ಪಾಲಿನ ಕೆಲಸ.

ಅರ್ಜಿ ಹಾಕಿದವರು ಹೆಚ್ಚು, ಸೀಟು ಕಡಿಮೆ. ಹಾಗಾಗಿ ತರಬೇತಿ ಕೇಂದ್ರದಲ್ಲಿ ಎಲ್ಲರೆದುರೇ ಚೀಟಿ ಎತ್ತಿದ್ದರು. ಚೀಟಿ ಬಂದವರ ಮನೆಗೆ ಹೋದಂತೆಯೇ ಬಾರದವರ ಮನೆಗೂ ನಾವು ಹೋಗಬೇಕಿತ್ತು. ಕಲಿತವರಲ್ಲಿ ಎಷ್ಟು ಮಂದಿ ದುಡಿಯುತ್ತಿದ್ದಾರೆ ಎಂದು ತಿಳಿದರೆ ಸಾಲದು. ಕಲಿಯದವರೂ ಅಷ್ಟೇ ಮಂದಿ ಕೆಲಸ ಹುಡುಕಿಕೊಂಡಿದ್ದರೆ ಯೋಜನೆಯಿಂದ ಆದದ್ದೇನು? ಕ್ರಮ ಸರಿಯಾದದ್ದೇ. ವರದಿಗಾರನಾಗಿ ನಾನು ನೋಡಿದ ಎಷ್ಟೋ ಸರ್ಕಾರಿ ಲೆಕ್ಕಗಳಿಗಿಂತ ಪ್ರಾಮಾಣಿಕವಾದದ್ದು.

ಹರಿಹರದಲ್ಲಿ ಹೊಳೆಯ ಕಡೆಯ ಓಣಿಯೊಂದರಲ್ಲಿ ಹಾಗೆ ಚೀಟಿ ಬಾರದ ಮಹಿಳೆಯೊಬ್ಬರಿದ್ದರು. ನಲವತ್ತರ ಆಸುಪಾಸು. ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಮಾಡುತ್ತಿದ್ದರು, ಅದಕ್ಕೆ ಬೀಗ ಬಿದ್ದಿತ್ತು. ಗಂಡ ಇಲ್ಲ. ಮನೆಯಲ್ಲಿ ಅತ್ತೆ, ಪಿಯುಸಿ ಓದುವ ಮಗಳು.

ಮೊದಲ ಭೇಟಿಯಲ್ಲಿ, ನಿಯಮದಂತೆ, ಒಂದು ವಾಕ್ಯ ಓದಿದೆ: ಈ ಭೇಟಿಗೂ ಮುಂದೆ ಸೀಟು ಸಿಗುವುದಕ್ಕೂ ಯಾವ ಸಂಬಂಧವೂ ಇಲ್ಲ.

"ಗೊತ್ತಾತು ಬಿಡ್ರಿ ಸರ್," ಅಂದರು. "ನೀವು ಹಂಗೇ ಹೇಳಬೇಕಲ್ಲ."

ಕಟ್ಟೆಯ ಮೇಲೆ ಕೂತಿದ್ದ ಅತ್ತೆ ನಕ್ಕರು. "ಪೋಲಿಯೋ ಹನಿ ಹಾಕೋರೂ ಮನೆಮನೆಗೆ ಬರ್ತಾರೆ. ಅವ್ರೇನ್ ನೌಕ್ರಿ ಕೊಟ್ಟು ಹೋದ್ರೇನೇ?"

"ನೀವು ಸುಮ್ನಿರ್ರಿ ಅತ್ತಿ."

ಸೊಸೆ ನನ್ನ ಮಾತು ನಂಬದಿರುವುದಕ್ಕೆ ಕಾರಣವಿತ್ತು. ಆ ಓಣಿಯಲ್ಲಿ ರೇಷನ್ ಕಾರ್ಡ್ ಪರಿಶೀಲನೆಗೆ ಯಾರಾದರೂ ಬಂದರೆಂದರೆ ಬೈಕುಗಳು ಹಿತ್ತಿಲು ಸೇರುತ್ತಿದ್ದವು, ಫ್ರಿಜ್ಜಿನ ಮೇಲೆ ಕೌದಿ ಬೀಳುತ್ತಿತ್ತು. ಹಾಳೆ ಹಿಡಿದು ಬಂದವನ ಕಣ್ಣಿಗೆ ಮನೆಯಲ್ಲಿರುವುದು ಬಿದ್ದರೆ ಪಟ್ಟಿಯಿಂದ ಹೆಸರು ಹೋಗುತ್ತದೆ ಎಂಬುದು ಅನುಭವದಿಂದ ಕಲಿತ ಪಾಠ. ನಾನು ಓಣಿಗೆ ಕಾಲಿಟ್ಟಾಗಲೂ ಯಾರೋ ಸದ್ದಿಲ್ಲದೆ ಬೈಕು ತಳ್ಳಿಕೊಂಡು ಸಂದಿಗೆ ಹೋಗಿದ್ದನ್ನು ಕಂಡಿದ್ದೆ.

ಕೆಲವು ತಿಂಗಳ ನಂತರ ಎರಡನೇ ಭೇಟಿ. ಕೇಳುವ ಮೊದಲೇ ಅವರು ಹೇಳಿದರು: "ದಾವಣಗೆರೆ ಎಂ.ಸಿ.ಸಿ. ಬಡಾವಣೆಯಾಗೆ ಹಾಸ್ಟೆಲ್ ಅಡಿಗಿ ಕೆಲ್ಸಕ್ಕೆ ಕರದಿದ್ರು ಸರ್. ತಂಗಿ ಹೇಳಿಸಿದ್ಲು. ಊಟ ಅಲ್ಲೇ, ಭಾನುವಾರ ಅರ್ಧ ದಿನ ರಜಾ. ನಾ ಹೋಗ್ಲಿಲ್ಲ."

"ಯಾಕಮ್ಮಾ?"

"ಹೋದ್ರೆ ನೀವು ಕೆಲ್ಸ ಐತೆ ಅಂತ ಬರ್ಕೊಂತೀರಿ. ಮುಂದಿನ ಬ್ಯಾಚಿಗೆ ನನ್ ಹೆಸರು ಹಾರಿ ಹೋಗ್ತೈತೆ."

ಓದಬೇಕಾದ ವಾಕ್ಯವನ್ನು ಬದಿಗಿಟ್ಟು ನನ್ನ ಮಾತಿನಲ್ಲೇ ಹೇಳಿದೆ. ಅಂಥ ಪಟ್ಟಿ ಯಾವುದೂ ಇಲ್ಲ, ಆ ಕೆಲಸ ಇನ್ನೂ ಖಾಲಿ ಇದ್ದರೆ ನಾಳೆಯೇ ಹೋಗಿ ಸೇರಿಕೊಳ್ಳಿ ಎಂದೆ. ಅವರು ಅತ್ತೆಯ ಕಡೆ ತಿರುಗಿ ಕಣ್ಣಲ್ಲೇ ನಕ್ಕರು.

"ನೋಡ್ರಿ ಅತ್ತಿ, ಹೆಂಗೆ ಪರೀಕ್ಷೆ ಮಾಡ್ತಾರೆ!"

"ನನ್ ಸೊಸಿ ಭಾಳ ಶಾಣೆ ಸರ್," ಅಂದರು ಅತ್ತೆ. "ದೇವ್ರು ಬಂದು ವರ ಕೊಡ್ತೀನಿ ಅಂದ್ರೂ ಆಧಾರ್ ಕಾರ್ಡ್ ತೋರ್ಸು ಅಂತಾಳೆ."

ಬಸ್‌ಸ್ಟ್ಯಾಂಡಿನಿಂದಲೇ ಮೇಲ್ವಿಚಾರಕರಿಗೆ ಫೋನು ಮಾಡಿದೆ. ಅವರು ಚಿಕ್ಕ ವಯಸ್ಸಿನವರು, ಕೆಟ್ಟವರಲ್ಲ. "ಸಲಹೆ ಕೊಡೋದು ನಮ್ ಕೆಲ್ಸ ಅಲ್ಲ ಸರ್. ಒಬ್ಬರಿಗೆ ಕೊಟ್ರೆ ಫಲಿತಾಂಶ ಕೆಡುತ್ತೆ. ಷರಾ ಕಾಲಮ್ಮಿನಲ್ಲಿ ಬರೀರಿ" ಎಂದರು. ಬರೆದೆ. ಹರಿಹರದಿಂದ ದಾವಣಗೆರೆಗೆ ಬರುವ ದಾರಿಯಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸು ಟಿಫಿನ್ ಡಬ್ಬಿ ಹಿಡಿದು ಯಾವುದೋ ಪಾಳಿಗೆ ಹೊರಟಿದ್ದಳು.

ಮೂರನೇ ಬಾರಿ ಹೋದಾಗ ಅತ್ತೆ ಉಕ್ಕಡಗಾತ್ರಿಯ ಅಜ್ಜಯ್ಯನ ಗದ್ದುಗೆಗೆ ಹೋಗಿ ಬಂದಿದ್ದರು. ತೆಂಗಿನ ಹೋಳೊಂದನ್ನು ನನ್ನ ಕೈಗಿಟ್ಟು, "ಸೊಸಿಗೆ ಸೀಟು ಸಿಗ್ಲಿ ಅಂತ ಅಜ್ಜಯ್ಯನಿಗೆ ಹರಕಿ ಹೊತ್ತೀನಿ" ಅಂದರು. ಪೋಲಿಯೋ ಹನಿಯ ಮಾತಾಡಿದ್ದವರು ಇವರೇ. ಮಗಳ ಕಾಲೇಜಿನ ಚೀಲ ಗೋಡೆಯ ಗೂಟದಲ್ಲಿ ನೇತಾಡುತ್ತಿತ್ತು, ಅದರಲ್ಲಿ ಈರುಳ್ಳಿ ತುಂಬಿದ್ದರು.

"ಮಗಳು ಎಲ್ಲಿ?"

"ದಾವಣಗೆರೆ ಬಟ್ಟಿ ಅಂಗಡಿಯಾಗೆ ಅದಾಳ್ರಿ. ಮನಿ ನಡೀಬೇಕಲ್ಲ." ಸೊಸೆ ಹೇಳಿದರು. ಆಮೇಲೆ ನನಗೆ ಧೈರ್ಯ ಹೇಳುವವರಂತೆ ಸೇರಿಸಿದರು: "ಅವ್ಳ ಹೆಸರು ನಿಮ್ ಹತ್ರ ಇಲ್ಲ. ನಂದೊಂದೇ ಅಲ್ರಿ ಇರೋದು?"

ನಿಜ. ಮನೆಯ ಬೇರೆಯವರ ಬಗ್ಗೆ ನಮ್ಮಲ್ಲಿ ಪ್ರಶ್ನೆಯೇ ಇರಲಿಲ್ಲ. ಇದ್ದ ಪ್ರಶ್ನೆ ಕೇಳಿದೆ: ಕಳೆದ ವಾರ ಒಂದು ತಾಸಾದರೂ ಸಂಬಳದ ಕೆಲಸ ಮಾಡಿದ್ದೀರಾ?

"ಇಲ್ರಿ. ಒಂದು ತಾಸೂ ಇಲ್ಲ."

ಸರಿಯುತ್ತರ ಗೊತ್ತಿರುವ ವಿದ್ಯಾರ್ಥಿಯಂತೆ ತಟ್ಟನೆ ಹೇಳಿದರು. ತೆಂಗಿನ ಹೋಳು ಹಾಗೇ ನನ್ನ ಕೈಯಲ್ಲಿತ್ತು.

ವರದಿ ಬಂತು. ತರಬೇತಿ ಪಡೆದವರಲ್ಲಿ ದುಡಿಯುತ್ತಿರುವವರು, ಪಡೆಯದವರಿಗಿಂತ ಹೆಚ್ಚು. ಯೋಜನೆ ಫಲ ಕೊಟ್ಟಿದೆ. ಷರಾ ಕಾಲಮ್ಮಿನದು ಯಾವುದೂ ಅದರಲ್ಲಿರಲಿಲ್ಲ. ಅಂಕಿಗಳಲ್ಲಿ ಸುಳ್ಳಿರಲಿಲ್ಲ, ನಾನು ತಂದ ಉತ್ತರಗಳೂ ನಿಜವೇ. ಕೆಲಸ ಸಿಗದವರೆಂದು ಎಣಿಕೆಯಾದವರಲ್ಲಿ ಇನ್ನೆಷ್ಟು ಮಂದಿ ನಮ್ಮನ್ನು ಕಾಯುತ್ತ ಕೂತವರೋ ನನಗೆ ತಿಳಿಯದು. ಒಂದು ಮನೆಯ ಮಟ್ಟಿಗೆ ಹೇಳಬಲ್ಲೆ.

ಅಷ್ಟರಲ್ಲಿ ಯೋಜನೆಯೂ ಮುಗಿದಿತ್ತು. ಹೊಸ ಬ್ಯಾಚು ಇಲ್ಲವೆಂದು ಕಚೇರಿಯಲ್ಲಿ ಖಚಿತಪಡಿಸಿಕೊಂಡೆ, ಇನ್ನೊಬ್ಬರನ್ನೂ ಕೇಳಿದೆ, ಆಮೇಲೆ ಹರಿಹರಕ್ಕೆ ಹೋದೆ. ಯಾರೂ ಕಳಿಸಿರಲಿಲ್ಲ.

ಯೋಜನೆ ಮುಗಿಯಿತು, ಇನ್ನು ಕಾಯಬೇಡಿ ಎಂದೆ. ಸೊಸೆ ಎಲ್ಲವನ್ನೂ ಕೇಳಿಸಿಕೊಂಡರು. "ಬ್ಯಾರೆ ಹೆಸರಿನಾಗೆ ಮತ್ತೆ ಮಾಡ್ತಾರಂತಲ್ರಿ?"

"ಮಾಡಬಹುದು. ಮಾಡಿದರೂ ನಾನು ಬಂದಿದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ಆ ಹಾಸ್ಟೆಲ್ ಕೆಲಸ ಏನಾಯಿತು?"

"ಆಗ್ಲೇ ಬ್ಯಾರೇರು ಸೇರ್ಕಂಡ್ರು."

"ಮಗಳ ಕಾಲೇಜು?"

ಉತ್ತರ ಅತ್ತೆಯಿಂದ ಬಂತು. "ಪರೀಕ್ಷೆ ಆಗಿ ಹೋತು. ಇನ್ನೇನ್ ಕಾಲೇಜು?" ಸೊಸೆ ಮಾತ್ರ ಮೊದಲ ದಿನದಂತೆಯೇ ತಲೆಯಾಡಿಸುತ್ತಿದ್ದರು. ಏನು ಹೇಳಿದರೂ ಅದು ನಾನು ಹೇಳಲೇಬೇಕಾದ ಮಾತು ಎಂಬಂತೆ.

ಎದ್ದು ಹೊರಗೆ ಬರುವಷ್ಟರಲ್ಲಿ ಮಗಳು ಓಣಿಯ ತಿರುವಿನಲ್ಲಿ ಕಂಡಳು. ಅಂಗಡಿಯವರು ಕೊಟ್ಟ ನೀಲಿ ಕೋಟು, ಕೊರಳಲ್ಲಿ ಐಡಿ ಕಾರ್ಡು. ಬಾಗಿಲಲ್ಲಿ ನಿಂತ ನನ್ನನ್ನು ನೋಡಿದಳು. ಅಲ್ಲೇ ನಿಂತು ಕಾರ್ಡು ತೆಗೆದು ಮುಷ್ಟಿಯಲ್ಲಿ ಮುಚ್ಚಿಕೊಂಡಳು, ಕೋಟು ಕಳಚಿ ಮಡಚಿ ಕಂಕುಳಲ್ಲಿ ಇರಿಸಿಕೊಂಡಳು. ಹತ್ತಿರ ಬಂದು, "ಬರ್ರಿ ಸರ್, ಕೂಡ್ರಿ. ನಾನು ಮನೆಯಾಗೇ ಇರ್ತೀನ್ರಿ" ಅಂದಳು.