ರೊಟ್ಟಿಯ ಚೀಲ ಹೊತ್ತು ಮಾತು ಕಲಿಯಲು ಹೋದದ್ದು

ನನ್ನಿಂದಾಗಿ ನಮ್ಮ ಮನೆಯವರ ದಾರಿ ಕಟ್ಟಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಡುವೆ ಎಲ್ಲೋ ಹೇಳಹೊರಟರೆ ನನ್ನನ್ನು ನಾನೇ ಬಿಡಿಸಿಕೊಳ್ಳಲು ನೋಡುತ್ತೇನೆ.

ಅವರು ಬೈಲಹೊಂಗಲದ ಒಂದು ಆಸ್ಪತ್ರೆಯಲ್ಲಿ ರಕ್ತ ತಪಾಸಣೆ ಮಾಡುವವರು. ಆಫ್ರಿಕಾದ ಯಾವುದಾದರೂ ಮಿಷನ್ ಆಸ್ಪತ್ರೆಗೆ ಸೇವೆಗೆ ಹೋಗುತ್ತೇನೆಂದು ಮದುವೆಗೆ ಮೊದಲೇ ದೇವರಿಗೆ ಮಾತು ಕೊಟ್ಟಿದ್ದರು. ಹೆಣ್ಣು ನೋಡಲು ಬಂದ ದಿನವೇ ಕೇಳಿದ್ದರು: "ದೂರ ಹೋಗೂದಾದ್ರ ಬರ್ತಿಯೇನ?" ದೂರ ಎಂದರೆ ಬೆಳಗಾವಿ ಇದ್ದೀತೆಂದು ನಾನು ತಲೆಯಾಡಿಸಿದ್ದೆ.

ಹದಿನಾಲ್ಕು ವರ್ಷ ಕಾದ ಮೇಲೆ ಹೋದ ವರ್ಷ ಕರೆ ಬಂತು. ಆದರೆ ಕಳಿಸುವವರದು ಒಂದು ನಿಯಮ. ಗಂಡ ಹೆಂಡತಿ ಇಬ್ಬರೂ ತಯಾರಾಗಬೇಕು, ಒಬ್ಬರು ಹಿಂದೆ ಬಿದ್ದರೆ ಇಬ್ಬರೂ ಉಳಿಯಬೇಕು. ನಮಗೆ ಮಕ್ಕಳಿಲ್ಲ. ಮನೆಗೆ ಬೀಗ ಹಾಕಿ ಕಿತ್ತೂರಿಗೆ ತರಬೇತಿಗೆ ಹೋದೆವು.

ಅಲ್ಲಿ ಚರ್ಚಿನ ಹಿಂದಿನ ಕೋಣೆಯಲ್ಲಿ ನಮಗೆ ಕಲಿಸಿದವರು ವಯಸ್ಸಾದ ಒಬ್ಬ ಅಕ್ಕೋರು. ಮೂವತ್ತು ವರ್ಷ ಪರದೇಶದಲ್ಲಿ ದಾದಿಯಾಗಿ ಸೇವೆ ಮಾಡಿ ಬಂದವರು. ಮೊದಲ ದಿನವೇ ಹೇಳಿದರು: "ಆ ದೇಶದ ಮಾತು ನಾ ಕಲಸೂದಿಲ್ರಿ. ಅದನ್ನ ಅಲ್ಲೇ ಹೋಗಿ ಕಲೀತೀರಿ. ಬಾರದ ಮಾತನ್ನ ಹೆಂಗ ಕಲೀಬೇಕು, ಅದನ್ನಷ್ಟ ಇಲ್ಲಿ ಕಲೀರಿ." ಎರಡು ವಾರ ಕನ್ನಡಿ ಹಿಡಿದು ನಾಲಿಗೆ ಹೊರಳಿಸಿದೆವು. ಆಮೇಲೆ ಆರು ವಾರ, ನಮಗೆ ಬಾರದ ಭಾಷೆಯ ಜನರ ನಡುವೆ ಇದ್ದು ತೋರಿಸಬೇಕು. ಕೊನೆಗೆ ಅಕ್ಕೋರು ಬಂದು ನೋಡುತ್ತಾರೆ. ಅಲ್ಲಿಯ ಹೆಂಗಸರೊಂದಿಗೆ ಒಂದು ತಾಸು ಅವರ ಮಾತಿನಲ್ಲೇ ಕುಳಿತಿರಬೇಕು. ಅದೇ ನನ್ನ ಪರೀಕ್ಷೆ.

ಸವದತ್ತಿಯಿಂದ ರಾಮದುರ್ಗದ ಕಡೆ ಹೋಗುವಾಗ ಒಳಗೊಂದು ಲಂಬಾಣಿ ತಾಂಡಾ ಇದೆ. ಅಲ್ಲಿ ನಮಗೊಂದು ಕೋಣೆ ಸಿಕ್ಕಿತು. ತಾಂಡಾದ ಹಿರಿಯರ ಮುಂದೆ ಅಕ್ಕೋರು ಕುಳಿತು, ಇವರು ಮಾತು ಕಲಿಯಲು ಬರುತ್ತಾರೆ, ಬೇರೆ ಯಾವ ಕೆಲಸಕ್ಕೂ ಅಲ್ಲ ಎಂದು ಬಿಚ್ಚಿ ಹೇಳಿದ್ದರು. ಅಲ್ಲಿ ಎಲ್ಲರಿಗೂ ಕನ್ನಡ ಬರುತ್ತದೆ. ನಮ್ಮೊಂದಿಗೆ ಮಾತ್ರ ಕನ್ನಡ ಆಡಬೇಡಿರೆಂದು ಕೇಳಿಕೊಂಡಿದ್ದರು.

ಹೊರಡುವ ಮೊದಲು ನಾನು ಮೂರು ದಿನ ರೊಟ್ಟಿ ಬಡಿದೆ. ನೂರಾ ಇಪ್ಪತ್ತು ಕಟಕ ರೊಟ್ಟಿ, ಒಣಗಿಸಿ ಬಟ್ಟೆಯಲ್ಲಿ ಸುತ್ತಿದ್ದು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮಾವಿನ ಉಪ್ಪಿನಕಾಯಿ, ಜೋಳದ ಹಿಟ್ಟು, ಬೇಳೆ, ಬೆಲ್ಲ, ಒಂದು ಸಣ್ಣ ಒಲೆ. "ಮಂದಿ ಹೊಸ್ತಿಲದಾಗ ಕೈ ಚಾಚಬ್ಯಾಡ" ಎಂದು ನನ್ನವ್ವ ಹೇಳುತ್ತಿದ್ದಳು. ಯಾರಿಗೂ ಭಾರವಾಗದೆ ಇದ್ದು ಬರುವುದೇ ನಮ್ಮ ದೇವರಿಗೆ ಒಳ್ಳೆಯ ಸಾಕ್ಷಿ ಎಂದು ನಾನೂ ನಂಬಿದ್ದೆ. ಯರಗಟ್ಟಿಯಲ್ಲಿ ಬಸ್ಸು ಬದಲಿಸುವಾಗ ನಮ್ಮ ಮನೆಯವರು ಚೀಲ ಎತ್ತಲಾರದೆ, "ಅಂಗಡಿ ಹಾಕಾಕ ಹೊಂಟೀಯೇನ?" ಎಂದರು.

ಅವರು ಏನನ್ನೂ ತಂದಿರಲಿಲ್ಲ. ಸೋಪು ಮರೆತಿದ್ದರು, ಬ್ಲೇಡು ಮರೆತಿದ್ದರು. ಒಂದೊಂದಕ್ಕೂ ಒಂದೊಂದು ಬಾಗಿಲಿಗೆ ಹೋಗುವರು. ಕೈಸನ್ನೆ ಮಾಡುವರು, ತಪ್ಪು ಮಾತಾಡುವರು, ಜನ ನಗುವರು, ಚಹಾ ಕೊಡುವರು. ಎರಡು ವಾರಕ್ಕೆ ಗಂಡಸರ ಕಟ್ಟೆಯ ಮೇಲೆ ಕುಳಿತು ಹರಟುವಷ್ಟಾದರು. ನಾನು ಹಗಲೆಲ್ಲ ಕೋಣೆಯಲ್ಲೇ. ಕಸ, ಮುಸುರೆ, ಅಡಿಗೆ, ಪ್ರಾರ್ಥನೆ. ನಲ್ಲಿಯ ಹತ್ತಿರ ಕಿವಿಗೆ ಬಿದ್ದದ್ದನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡು ರಾತ್ರಿ ಬಾಯಿಪಾಠ ಮಾಡುತ್ತಿದ್ದೆ. ಬೆಳಿಗ್ಗೆ ಯಾರಾದರೂ ಎದುರಾದರೆ ಒಂದೂ ಬಾಯಿಗೆ ಬರುತ್ತಿರಲಿಲ್ಲ.

ನನಗೊಂದು ರೂಢಿಯಿದೆ. ದಿನಕ್ಕೆ ಮೂರು ಉಪಕಾರಗಳನ್ನು ನೆನೆದು ಸ್ತೋತ್ರ ಹೇಳಿಯೇ ಮಲಗುವುದು. ಮೂರನೆಯ ವಾರ ಮೂರು ಸಿಗದಾದವು. ನಲ್ಲಿಯಲ್ಲಿ ನೀರು ಬಂತು, ಸ್ತೋತ್ರ. ಚೇಳು ಕಡಿಯಲಿಲ್ಲ, ಸ್ತೋತ್ರ. ಮೂರನೆಯದಕ್ಕೆ ಬಹಳ ಹೊತ್ತು ತಡಕಾಡಿ, ಇವತ್ತೂ ಇವರು ನನ್ನನ್ನು ಬೈಯಲಿಲ್ಲ ಎಂದು ಹೇಳಿ ಮಗ್ಗುಲಾಗುತ್ತಿದ್ದೆ.

ಪಕ್ಕದ ಮನೆಯಲ್ಲಿ ಒಬ್ಬ ಮುದುಕಿ ಒಂಟಿಯಾಗಿದ್ದಳು. ಎಲ್ಲರೂ ಅವಳನ್ನು ಯಾಡಿ, ಅಂದರೆ ಅವ್ವಾ, ಎನ್ನುತ್ತಿದ್ದರು. ಇವಳನ್ನಾದರೂ ಒಲಿಸಿಕೊಳ್ಳಬೇಕೆಂದು ಒಂದು ಡಬ್ಬಿ ತುಂಬ ಶೇಂಗಾ ಚಟ್ನಿ ಒಯ್ದು ಕೊಟ್ಟೆ. ನಕ್ಕು ಇಸಿದುಕೊಂಡಳು. ಮರುದಿನ ಅದೇ ಡಬ್ಬಿಯಲ್ಲಿ ಹೆಸರುಕಾಳು ತುಂಬಿ ತಂದಳು. ನಮ್ಮಲ್ಲಿಯೂ ಕೊಟ್ಟ ಡಬ್ಬಿಯನ್ನು ಬರಿದಾಗಿ ಕಳಿಸುವುದಿಲ್ಲ, ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯಾದರೂ ಹಾಕುತ್ತೇವೆ. ನನಗೆ ಗೊತ್ತಿಲ್ಲದ ರೀತಿಯಲ್ಲ. ಆದರೂ ಅವಳ ಹರಕು ಸೆರಗು ನೋಡಿದೆ, ಮುದುಕಿಯ ಕಾಳು ನಾನು ತಿನ್ನಬೇಕೇ ಅನಿಸಿತು. ಕಾಳನ್ನೆಲ್ಲ ಅವಳ ಸೆರಗಿಗೇ ಸುರಿದು ಕನ್ನಡದಲ್ಲಿ ಅಂದೆ: "ನಿಮಗ ಇರ್ಲಿ ಬಿಡ್ರಿ. ನಮ್ಮ ಕಡೆ ಭಾಳ ಐತಿ."

ಅವಳು ಸೆರಗಿನ ಕಾಳು ನೋಡಿದಳು, ನನ್ನನ್ನು ನೋಡಿದಳು, ಹೋದಳು. ಸಂಜೆಗೆ ನನ್ನ ಚಟ್ನಿ ಒಂದು ಎಲೆಯಲ್ಲಿ, ಮುಟ್ಟದೆ, ನನ್ನ ಹೊಸ್ತಿಲ ಮೇಲಿತ್ತು. ಮರುದಿನದಿಂದ ನಲ್ಲಿಯ ಹತ್ತಿರ ಹೆಂಗಸರು ನನಗೆ ಜಾಗ ಬಿಟ್ಟುಕೊಡತೊಡಗಿದರು. ಅಷ್ಟು ಮರ್ಯಾದೆ! ಕೊಡ ತುಂಬಿಕೊಂಡು ಬೇಗ ಹೋಗಲಿ ಎಂಬ ಮರ್ಯಾದೆ. ನಾನು ಹೋದ ಮೇಲೆ ಮಾತು ಶುರುವಾಗುವುದು ಬೆನ್ನಿಗೆ ಕೇಳುತ್ತಿತ್ತು. ಕರ್ತನೇ, ನಾಲಿಗೆ ಕೊಡು ಎಂದು ಬೇಡಿದೆ. ಉಪವಾಸ ಮಾಡಿ ಬೇಡಿದೆ. ಉಪವಾಸದಿಂದ ರೊಟ್ಟಿ ಇನ್ನಷ್ಟು ಉಳಿದವು.

ಆರನೆಯ ವಾರ ಮುಗಿದ ದಿನ ಅಕ್ಕೋರು ಬಂದರು. ನಾನು ನಲ್ಲಿಯ ಕಟ್ಟೆಗೆ ಹೋಗಿ ಹೆಂಗಸರ ನಡುವೆ ಕುಳಿತೆ. ನೀರಿಗೆ ಪಾಣಿ ಅಂದೆ, ರೊಟ್ಟಿಗೆ ಬಾಟಿ ಅಂದೆ. ಆಮೇಲೆ ಏನೂ ಇಲ್ಲ. ಒಬ್ಬೊಬ್ಬರಾಗಿ ಕೆಲಸದ ನೆಪ ಹೇಳಿ ಎದ್ದರು. ಕಾಲು ತಾಸಿನೊಳಗೆ ಕಟ್ಟೆಯ ಮೇಲೆ ನಾನು ಒಬ್ಬಳೇ.

ಅಕ್ಕೋರು ಕೋಣೆಗೆ ಬಂದು ನೀರು ಕುಡಿದರು. ಮೂಲೆಯ ಚೀಲ ಕಣ್ಣಿಗೆ ಬಿತ್ತು.

"ಇದೇನವಾ?"

"ರೊಟ್ಟಿರಿ, ಅಕ್ಕೋರ."

"ಆರ ವಾರ ಆದ ಮ್ಯಾಲೂ ಇಷ್ಟ ಉಳದಾವು?"

"ಯಾರಿಗೂ ತ್ರಾಸ ಆಗಬಾರದಂತ ತಂದಿದ್ನಿರಿ."

ಅವರು ಒಂದು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡರು. "ಛಲೋ ಅದಾವು. ಇಷ್ಟ ರೊಟ್ಟಿ ಇಟಗೊಂಡು ಕುಂತಾಕಿಗೆ ಮಾತ್ಯಾಕ ಬೇಕು? ಕೂಸು ಹಸ್ತಾಗ ಅವ್ವನ್ನ ಕರೀತೈತಿ. ನೀ ಯಾರನ್ನ ಕರದಿ? ಆ ಮುದುಕಿ ಕೊಟ್ಟದ್ದನ್ನೂ ಇಸ್ಕೊಳ್ಳಿಲ್ಲಂತ."

ನಮ್ಮ ಮನೆಯವರು ಅವರಿಗೆ ಹೇಳಿದ್ದಿರಬೇಕು. ಇವರು ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದರು.

ಅಕ್ಕೋರು ಅಲ್ಲೇ ಹೇಳಿದರು. ಆ ಆಸ್ಪತ್ರೆಯವರು ಕಾಯುವುದಿಲ್ಲ, ಆ ಜಾಗಕ್ಕೆ ಬೇರೆ ದಂಪತಿ ಹೋಗುತ್ತಾರೆ. ಇನ್ನೊಂದು ಆಸ್ಪತ್ರೆಗೆ ಜನ ಬೇಕಾಗಿದೆ, ಅದಕ್ಕೆ ಮೂರು ತಿಂಗಳಿದೆ, ಅಷ್ಟರೊಳಗೆ ಇಲ್ಲೇ ಇದ್ದು ನಾನು ಇನ್ನೊಮ್ಮೆ ಪರೀಕ್ಷೆ ಕೊಡಬೇಕು. ಆಮೇಲೆ ನಮ್ಮ ಮನೆಯವರಿಗೆ ವಯಸ್ಸಿನ ಗಡುವು ದಾಟುತ್ತದೆ. "ಇದ ಕಡೀದು. ಮತ್ತ, ಈ ಚೀಲ ನನ್ನ ಕೂಡ ಬರತೈತಿ." ಚೀಲವನ್ನೂ ಹಿಟ್ಟಿನ ಡಬ್ಬಿಯನ್ನೂ ಒಲೆಯನ್ನೂ ಹೊರಿಸಿಕೊಂಡು ಸವದತ್ತಿಯ ಬಸ್ಸು ಹತ್ತಿದರು.

ಅಂದು ನಾನು ಸತ್ತಿದ್ದರೆ ಚೆನ್ನಾಗಿತ್ತು ಅನಿಸಿತು. ಹದಿನಾಲ್ಕು ವರ್ಷ ಒಬ್ಬ ಮನುಷ್ಯ ಕಾದದ್ದನ್ನು ನಾನು ರೊಟ್ಟಿ ಬಡಿದು ಕಳೆದಿದ್ದೆ. "ಬೈರಿ ನನಗ" ಎಂದು ಇವರಿಗೆ ಹೇಳಿದೆ. ಅವರು, "ಬೈದ್ರ ನಿನಗ ಮಾತ ಬರತಾವೇನ?" ಎಂದು ಹೊರಗೆ ಹೋಗಿ ಕುಳಿತರು. ಆ ರಾತ್ರಿ ಒಂದು ಸ್ತೋತ್ರವೂ ಬಾಯಿಂದ ಬರಲಿಲ್ಲ.

ಬೆಳಿಗ್ಗೆ ಖಾಲಿ ಡಬ್ಬಿ ಹಿಡಿದು ಮುದುಕಿಯ ಬಾಗಿಲಿಗೆ ಹೋದೆ. ಅವಳು ಒಲೆಯ ಮುಂದೆ ಕುಳಿತಿದ್ದಳು. ಏನು ಎಂಬಂತೆ ಗದ್ದ ಎತ್ತಿದಳು.

"ಯಾಡಿ," ಎಂದೆ. ಡಬ್ಬಿ ಮುಂದೆ ಹಿಡಿದೆ. "ಬಾಟಿ."

ಅವಳು ಒಲೆಗೆ ಒಂದು ಕಟ್ಟಿಗೆ ತಳ್ಳಿದಳು. ಆಮೇಲೆ ನಿಯಮ ಮುರಿದು ಕನ್ನಡದಲ್ಲೇ ಅಂದಳು: "ಈಗ ಹಸಿವಿ ಆತೇನ, ಸಾವಕಾರ್ತಿ? ನಿನ್ನ ಕಡೆ ಭಾಳ ಐತೆಂದಿದ್ದಿ?" ಅಷ್ಟು ಹೇಳಿ ತನ್ನ ಮಾತಿಗೆ ಹೊರಳಿದಳು. ಕೈ ಬೀಸಿ ಬೀಸಿ ಬೈದಳು. ನೂರು ಮಾತಿನಲ್ಲಿ ನನಗೆ ತಿಳಿದದ್ದು ಎರಡೋ ಮೂರೋ. ಬೈಯುತ್ತಲೇ ಹಿಟ್ಟಿನ ಪರಾತವನ್ನು ನನ್ನ ಕಡೆ ತಳ್ಳಿದಳು. ನಾನು ಕುಳಿತು ನಾದಿದೆ. ಅವಳು ನನ್ನ ಕೈ ತಟ್ಟಿ ತಿದ್ದಿದಳು, ಒಂದು ಶಬ್ದ ಹೇಳಿದಳು. ನಾನು ಅದನ್ನೇ ತಿರುಗಿ ಹೇಳಿದೆ. ತಪ್ಪಿರಬೇಕು, ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಎದ್ದಾಗ ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದಿತ್ತು.

ಈಗ ಅಕ್ಕೋರು ಬರಲು ಹನ್ನೊಂದು ದಿನ ಉಳಿದಿವೆ. ಹೆಂಗಸರು ನಲ್ಲಿಯ ಹತ್ತಿರ ನನಗೆ ಜಾಗ ಬಿಡುವುದನ್ನು ನಿಲ್ಲಿಸಿದ್ದಾರೆ, ಕೊಡಕ್ಕೆ ಕೊಡ ತಾಗಿಸಿ ತಳ್ಳಾಡುತ್ತಾರೆ. ಅವರಾಡುವುದರಲ್ಲಿ ಅರ್ಧ ಈಗಲೂ ನನಗೆ ತಿಳಿಯುವುದಿಲ್ಲ. ಒಂದು ತಾಸು ಕುಳಿತೇನೋ ಇಲ್ಲವೋ, ದೇವರಿಗೇ ಗೊತ್ತು. ಹೆದರಿಕೆಗೆ ಊಟ ಸೇರುವುದಿಲ್ಲ, ಆದರೆ ಯಾಡಿ ಬಿಡುವುದಿಲ್ಲ.

ಇವತ್ತಿನ ಲೆಕ್ಕ: ತಳ್ಳಾಟದಲ್ಲಿ ಕೊಡ ಒಡೆಯಲಿಲ್ಲ, ಸ್ತೋತ್ರ. ಇವರು ಒಮ್ಮೆ ನಕ್ಕರು, ಸ್ತೋತ್ರ. ನಾಳೆಗೆ ಮನೆಯಲ್ಲಿ ಹಿಟ್ಟಿಲ್ಲ, ಸ್ತೋತ್ರ.